ತೊಗರಿಬೇಳೆ ಯಾವ ವಿಭಾಗಕ್ಕೆ ಸೇರಿದ್ದು

ಮನುಕುಲದ ಜ್ಞಾನಯಾತ್ರೆಯಲ್ಲಿ ಕೆಲವು ದಿನಗಳನ್ನು ಮರೆಯುವ ಹಾಗಿಲ್ಲ. ಅಂಥವುಗಳಲ್ಲಿ ಒಂದು, ಕಳೆದ ಫೆಬ್ರವರಿಯ ಎರಡನೇ ಮಂಗಳವಾರ. ಅಂದು ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ, ಪೀಣ್ಯ ಎರಡನೇ ಹಂತದ ಸಕಲ ಪದಾರ್ಥ ಪರೀಕ್ಷಾಲಯದ ಅಡುಗೆಮನೆಯಲ್ಲಿ, ತೊಗರಿಬೇಳೆ ಬೇಯಲಿಲ್ಲ.

ಐದು ಸೀಟಿಯಾದ ಮೇಲೆ ಕುಕ್ಕರ್ ತೆರೆದರೆ ಬೇಳೆ ಅಂಗಡಿಯಿಂದ ಬಂದಾಗಿನ ಸ್ವಾಭಿಮಾನವನ್ನು ಒಂದಿಷ್ಟೂ ಬಿಡದೆ ತಳದಲ್ಲಿ ಕೂತಿತ್ತು. ಅಡುಗೆಯ ಮರೆವ್ವ ಇನ್ನೂ ನಾಲ್ಕು ಸೀಟಿ ಕೂಗಿಸಿದಳು. ಬೇಳೆ ಸ್ವಲ್ಪ ಬೆವರಿತು, ಅಷ್ಟೆ. ಆ ದಿನ ನಲವತ್ತು ಜನ ಉಂಡದ್ದು ಸಾರು ಒಂದು ಕಡೆ, ಬೇಳೆ ಇನ್ನೊಂದು ಕಡೆ ಇದ್ದ ಸಾಂಬಾರನ್ನು. ಇಂಥ ಸಂದರ್ಭಕ್ಕೆಂದೇ ಕನ್ನಡದಲ್ಲಿ ಇರುವ ಒಂದೇ ಒಂದು ನಗೆಮಾತನ್ನು ನಲವತ್ತು ಜನರೂ ಒಬ್ಬರಾದ ಮೇಲೆ ಒಬ್ಬರು ಅವತ್ತೇ ಆಡಿ ಮುಗಿಸಿದ್ದರು. ಹಾಗಾಗಿ ಬುಧವಾರವೂ ಬೇಳೆ ಬೇಯದಿದ್ದಾಗ ಯಾರ ಬಳಿಯೂ ತಮಾಷೆ ಉಳಿದಿರಲಿಲ್ಲ. ಸಿಟ್ಟು ಉಳಿದಿತ್ತು.

ಮರೆವ್ವ ಕೊಟ್ಟೂರಿನ ಕಡೆಯವಳು. ಬಾಗಲಗುಂಟೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಈ ಪರೀಕ್ಷಾಲಯದಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದಾಳೆ. ಗಂಡ ಕೊಟ್ರಪ್ಪ ಸೆಂಟ್ರಿಂಗ್ ಕೆಲಸದವನು. ಅವನ ಕೆಲಸ ಈ ತಿಂಗಳು ಬೆಳ್ಳಂದೂರಿನಲ್ಲಿದ್ದರೆ ಮುಂದಿನ ತಿಂಗಳು ಎಲ್ಲಿ ಎಂಬುದು ಮೇಸ್ತ್ರಿಗೆ ಮಾತ್ರ ಗೊತ್ತು. ಮನೆಯಲ್ಲಿ ಖಾಯಂ ಕೆಲಸ ಅಂತ ಇದ್ದದ್ದು ಮರೆವ್ವನದೊಂದೇ. ಬುಧವಾರ ಸಂಜೆ ಆ ಕೆಲಸಕ್ಕೂ ಗಡುವು ಬಿತ್ತು. ಗುಣಮಟ್ಟ ವ್ಯವಸ್ಥಾಪಕ ಅಂಬರೀಶ್ ಅಡುಗೆಮನೆಗೆ ಬಂದು, ಶುಕ್ರವಾರದೊಳಗೆ ಇದು ಬಗೆಹರಿಯದಿದ್ದರೆ ಸೋಮವಾರದಿಂದ ಡಬ್ಬಿ ಊಟದ ಕಂಪನಿಯವರಿಗೆ ಹೇಳಬೇಕಾಗುತ್ತದೆ, ಪತ್ರ ತಯಾರಾಗಿದೆ, ತಮ್ಮ ಸಹಿ ಒಂದು ಬಾಕಿ ಎಂದರು. ಅಂಬರೀಶ್ ಕೆಟ್ಟವರಲ್ಲ. ಕೆಟ್ಟ ಸುದ್ದಿಯನ್ನೂ ಹಂತಹಂತವಾಗಿ, ಕ್ರಮಸಂಖ್ಯೆಯೊಂದಿಗೆ ಹೇಳುವ ಸಜ್ಜನರು.

ಮರೆವ್ವ ಸೆರಗಿಗೆ ಕೈ ಒರೆಸಿಕೊಂಡು ಹೇಳಿದ್ದು ಒಂದೇ ಮಾತು.

"ಬ್ಯಾಳಿ ಅದಾ ಐತ್ರಿ ಸಾರ್, ಕುಕ್ಕರೂ ಅದಾ ಐತಿ. ನೀರು ಬ್ಯಾರೆ ಆಗೈತಿ."

ಚಹಾದ ಮೇಲೆ ಒಂದು ಪದರ ಕಟ್ಟುತ್ತಿದೆ, ಪಾತ್ರೆ ತೊಳೆದರೆ ಸೋಪು ನೊರೆ ಬರುತ್ತಿಲ್ಲ ಎಂದೂ ಸೇರಿಸಿದಳು. ಅಂಬರೀಶ್ ತಾಳ್ಮೆಯಿಂದ ಕೇಳಿಸಿಕೊಂಡರು. ನಂತರ, ಇದು ಅನಿಸಿಕೆ, ನಮ್ಮದು ಪರೀಕ್ಷಾಲಯ, ಇಲ್ಲಿ ಅನಿಸಿಕೆಗೆ ಕಾಲಂ ಇಲ್ಲ ಎಂದು ತಿಳಿಸಿ, ಪರೀಕ್ಷೆ ಮಾಡಿಸೋಣ ಎಂದು ಭರವಸೆ ಕೊಟ್ಟು ಹೋದರು.

ಹಿಂದೊಮ್ಮೆ ಅಲ್ಲಿ ಅನಿಸಿಕೆಗೆ ಮಾತ್ರವೇ ಕಾಲಂ ಇತ್ತು. ಪರೀಕ್ಷಾಲಯವನ್ನು ಶುರು ಮಾಡಿದ ಈಶಪ್ಪನವರು ಈಗಿಲ್ಲ, ಹಾರ ಹಾಕಿದ ಫೋಟೋ ಇದೆ. ನಲವತ್ತು ವರ್ಷದ ಹಿಂದೆ ಅವರ ಬಳಿ ಇದ್ದದ್ದು ಒಂದು ಕೋಣೆ, ಒಂದು ಮೇಜು, ಒಂದು ಒಲೆ. ಕಬ್ಬಿಣದ ಸರಳು ತಂದರೂ ಅದೇ ಮೇಜು, ಬಾವಿಯ ನೀರು ತಂದರೂ ಅದೇ ಮೇಜು. ಯಾರೋ ಒಬ್ಬ ಒಮ್ಮೆ ತನ್ನ ಹಸುವಿನ ಹಿಂಡಿ ತಂದಿದ್ದ, ಅದಕ್ಕೂ ಅದೇ ಮೇಜು. ಈಶಪ್ಪನವರು ಮೂಸುತ್ತಿದ್ದರು, ಬಾರಿಸುತ್ತಿದ್ದರು, ಕಾಯಿಸುತ್ತಿದ್ದರು, ಅಪಾಯವಿಲ್ಲ ಅನಿಸಿದರೆ ನಾಲಿಗೆಗೂ ಹಚ್ಚಿ ನೋಡುತ್ತಿದ್ದರು. ಅವರ ದಪ್ಪ ರಿಜಿಸ್ಟರಿನಲ್ಲಿ ಎರಡೇ ಕಾಲಂ: 'ಏನು ಮಾಡಿದೆ', 'ಏನು ಕಂಡಿತು'.

ಆಗಿನಿಂದ ಇಂದಿನವರೆಗೂ ಮಾದರಿ ಸ್ವೀಕರಿಸುವ ಕೌಂಟರಿನಲ್ಲಿ ಕೂತಿರುವವರು ಮಾಕಳಿಯ ಆವಲಪ್ಪ. ನಿವೃತ್ತಿಯಾಗಿ ಎಂಟು ವರ್ಷವಾಗಿದ್ದರೂ ಯಾರೂ ಅವರಿಗೆ ಹೇಳುವ ಧೈರ್ಯ ಮಾಡಿಲ್ಲ. ಮಧ್ಯಾಹ್ನದ ಚಹಾ ಹೊತ್ತಿಗೆ ಈಶಪ್ಪನವರು ಹೇಳುತ್ತಿದ್ದ ಒಂದು ಕತೆ ಆವಲಪ್ಪನವರಿಗೆ ಇಡಿಯಾಗಿ ಬಾಯಿಪಾಠ. ಅದು ಯೂರೋಪಿನ ಒಂದು ಅವಿಭಕ್ತ ಕುಟುಂಬದ ಕತೆ. ಮನೆತನದ ಹೆಸರು ನಿಸರ್ಗ ತತ್ತ್ವಶಾಸ್ತ್ರ. ನಕ್ಷತ್ರ, ಕಲ್ಲು, ಕಪ್ಪೆ, ಕುದಿಯುವ ನೀರು ಎಲ್ಲ ಆ ಮನೆಯ ಆಸ್ತಿ. ಒಂದೇ ಒಲೆ, ಒಂದೇ ಪಂಕ್ತಿ. ಆಕಾಶ ನೋಡುತ್ತಿದ್ದವನಿಗೂ ಚಲನೆ ಲೆಕ್ಕ ಹಾಕುತ್ತಿದ್ದವನಿಗೂ ಗಣಿತದ ಮನೆಯವರ ನಂಟಸ್ತಿಕೆ ಬೆಳೆದು, ಉಳಿದವರ ಮಾತು ಅವರಿಗೆ ಹಗುರವಾಗಿ ಕಂಡಿತು. ಆ ಇಬ್ಬರೂ ಮೊದಲು ಬೇರೆ ಒಲೆ ಹೂಡಿದರು. ಮಡಕೆ ಕುಡಿಕೆಗಳ ನಡುವೆ ಚಿನ್ನ ಮಾಡುತ್ತೇನೆಂದು ಹೊಗೆ ಎಬ್ಬಿಸುತ್ತಿದ್ದ ತಮ್ಮ, ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ತಕ್ಕಡಿ ಹಿಡಿದು ತೂಗಲು ಕಲಿತು ರಸಾಯನಶಾಸ್ತ್ರ ಎಂದು ಬೋರ್ಡು ಹಾಕಿಕೊಂಡ. ಗಿಡ ಮತ್ತು ಕಪ್ಪೆಗಳು ಪಾಲಿಗೆ ಬಂದವನಿಗೆ ಜೀವಶಾಸ್ತ್ರ ಎಂಬ ಸ್ವಂತ ಹೆಸರು ಸಿಕ್ಕಿದ್ದು ಇನ್ನೂ ತಡವಾಗಿ. ಎಲ್ಲ ಪಾಲಾದ ಮೇಲೆ, ಈ ಮನೆಯವರನ್ನೆಲ್ಲ ಒಟ್ಟಿಗೆ ಏನೆಂದು ಕರೆಯುವುದು ಎಂಬ ಪ್ರಶ್ನೆ ಬಂತು. ಆಗ ಇಂಗ್ಲಿಷಿನವರು 'ವಿಜ್ಞಾನಿ' ಎನ್ನುವುದಕ್ಕೆ ಒಂದು ಪದ ಟಂಕಿಸಿದರು. ಒಟ್ಟಿಗಿದ್ದಾಗ ಬೇಕಾಗದಿದ್ದ ಹೆಸರು ಬೇರೆಯಾದ ಮೇಲೆ ಬೇಕಾಯಿತು.

ಈ ಕತೆ ಹೇಳಿ ನಗುತ್ತಿದ್ದ ಈಶಪ್ಪನವರ ಕಣ್ಣೆದುರಿಗೇ ಅವರ ಮನೆಯೂ ಪಾಲಾಯಿತು. ಯಾರೂ ಜಗಳವಾಡಲಿಲ್ಲ. ಸರಳನ್ನು ಎಳೆದು ತುಂಡರಿಸುವ ಯಂತ್ರ ಬಂತು. ಅದು ಸರಳು ಮುರಿದಾಗಲೆಲ್ಲ ಮೇಜಿನ ಮೇಲಿನ ತಕ್ಕಡಿಯ ಮುಳ್ಳು ನಡುಗಿತು. ನಡುವೆ ಗೋಡೆ ಕಟ್ಟಿದರು. ಒಂದು ಪಕ್ಕ ಮೆಕ್ಯಾನಿಕಲ್, ಇನ್ನೊಂದು ಪಕ್ಕ ಕೆಮಿಕಲ್. ಕೆಲವು ವರ್ಷ ಕಳೆದು ನೀರಿನ ಕ್ರಿಮಿ ಬೆಳೆಸಿ ನೋಡುವ ಕೆಲಸ ಬಂತು. ಕೆಮಿಕಲ್ಲಿನ ಆಮ್ಲದ ಹೊಗೆಗೆ ಆ ಕ್ರಿಮಿಗಳು ಸತ್ತವು. ಬಾಗಿಲು ಇಟ್ಟು ಮೈಕ್ರೋ ವಿಭಾಗ ಮಾಡಿದರು. ಗೋಡೆಗೆ ಕಾರಣವಿತ್ತು, ಬಾಗಿಲಿಗೆ ಕಾರಣವಿತ್ತು. ಈಗ ಮೂರು ವಿಭಾಗಕ್ಕೆ ಮೂರು ರಿಜಿಸ್ಟರು, ಮೂರು ಫ್ರಿಜ್ಜು, ಚಹಾಕ್ಕೆ ಮೂರು ಕೆಟಲ್ ಇವೆ. ಕೆಟಲ್‌ಗೆ ಮಾತ್ರ ಕಾರಣ ಯಾರಿಗೂ ನೆನಪಿಲ್ಲ.

ಗುರುವಾರ ಬೆಳಿಗ್ಗೆ ಅರ್ಧ ಕಿಲೋ ಬೇಳೆ ಆವಲಪ್ಪನವರ ಕೌಂಟರಿಗೆ ಮಾದರಿಯಾಗಿ ಬಂತು. ಚೀಟಿಯಲ್ಲಿ ವಿಭಾಗದ ಸಂಕೇತ ಬರೆಯದೆ ಯಾವ ಮಾದರಿಯೂ ಒಳಗೆ ಹೋಗುವಂತಿಲ್ಲ. ಬೇಯುವುದು ಯಾವ ವಿಭಾಗಕ್ಕೆ ಸೇರಿದ್ದು ಎಂದು ಆವಲಪ್ಪ ಕೇಳಿದರು.

ಕೇಳಬಾರದಿತ್ತು. ಮೆಕ್ಯಾನಿಕಲ್ಲಿನ ಮುಖ್ಯಸ್ಥ ಮುನಿಕೃಷ್ಣ, ಬೇಯುವುದೆಂದರೆ ಶಾಖ ಮತ್ತು ಒತ್ತಡ, ಇದರಲ್ಲಿ ಅನುಮಾನವೇ ಬೇಡ ಎಂದ. ಕೆಮಿಕಲ್ಲಿನ ನೀಲಾಂಬಿಕಾ, ಗಟ್ಟಿ ಇದ್ದದ್ದು ಮೆತ್ತಗಾಗುತ್ತದೆ ಎಂದರೆ ಒಳಗಿನ ಪದಾರ್ಥ ಬದಲಾಗಿದೆ, ಶಾಖ ಬರಿಯ ಒಲೆಯ ಕೆಲಸ ಎಂದರು. ಮೈಕ್ರೋದ ವೇಣಿ, ಬೇಳೆ ಅನ್ನುವುದು ಒಂದು ಕಾಳಿನ ಅರ್ಧ ಜೀವ, ಮೊದಲು ಅದರ ವಯಸ್ಸು ಆರೋಗ್ಯ ನೋಡಬೇಡವೇ ಎಂದಳು.

"ಮೇಡಂ, ಬೇಳೆಗೆ ಹೆಲ್ತ್ ಚೆಕಪ್ಪಾ?" ಎಂದ ಮುನಿಕೃಷ್ಣ.

"ನಿಮ್ ಕುಕ್ಕರ್‌ಗೆ ಬಿಪಿ ನೋಡಲ್ವಾ ಸಾರ್, ಹಂಗೇ."

ಆವಲಪ್ಪ ಬೇಳೆಯನ್ನು ಎರಡು ಪೊಟ್ಟಣ ಮಾಡಿ ಇಬ್ಬರು ಮೇಡಂಗಳಿಗೆ ಕೊಟ್ಟು, ಮುನಿಕೃಷ್ಣನಿಗೆ ಕುಕ್ಕರನ್ನೇ ಕೊಟ್ಟರು. ಅವತ್ತು ಮಧ್ಯಾಹ್ನ ಮರೆವ್ವ ಬೇಳೆಯ ಗೊಡವೆಗೆ ಹೋಗದೆ ತಿಳಿಸಾರು ಮಾಡಿದಳು.

ಮೂರು ವಿಭಾಗದವರೂ ಶ್ರದ್ಧೆಯಿಂದ ಕೆಲಸ ಮಾಡಿದರು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಸಂಜೆ ನಾಲ್ಕಕ್ಕೆ ಅಂಬರೀಶ್ ಅವರ ಮೇಜಿನ ಮೇಲೆ ಮೂರು ವರದಿ ಇದ್ದವು. ಕುಕ್ಕರಿನ ರಬ್ಬರು, ಸೀಟಿಯ ತೂಕ, ಒಲೆಯ ಉರಿ ಎಲ್ಲ ಸಮರ್ಪಕ ಎಂದು ಮುನಿಕೃಷ್ಣ ಬರೆದಿದ್ದ. ಬೇಳೆಯಲ್ಲಿ ಕಲಬೆರಕೆಯಿಲ್ಲ, ಬಣ್ಣವಿಲ್ಲ, ವಿಧಾನದಲ್ಲಿ ಹೇಳಿದಂತೆ ಶುದ್ಧೀಕರಿಸಿದ ನೀರಿನಲ್ಲಿ ಗಾಜಿನ ಪಾತ್ರೆಯಲ್ಲಿ ಕುದಿಸಲಾಗಿ ಮೂವತ್ತೈದು ನಿಮಿಷಕ್ಕೆ ಮೆತ್ತಗಾಯಿತು, ಸಮರ್ಪಕ ಎಂದು ನೀಲಾಂಬಿಕಾ ಬರೆದಿದ್ದರು. ಹುಳವಿಲ್ಲ, ಬೂಷ್ಟಿಲ್ಲ ಎಂದು ವೇಣಿ ಬರೆದಿದ್ದಳು. ಅವಳ ವರದಿಯಲ್ಲಿ 'ಮೊಳಕೆ: ಶೂನ್ಯ' ಎಂಬ ಗಾಬರಿಯ ಸಾಲೊಂದಿತ್ತು, ಒಡೆದ ಬೇಳೆ ಮೊಳೆಯುವುದಿಲ್ಲ ಎಂಬ ಅಡಿಟಿಪ್ಪಣಿಯೂ ಇತ್ತು. ಒಟ್ಟಿನಲ್ಲಿ ಸಮರ್ಪಕ.

ಅಂಬರೀಶ್ ಮೂರನ್ನೂ ಎರಡೆರಡು ಸಲ ಓದಿ, ಕಳೆಯುವ ಲೆಕ್ಕ ಮಾಡಿದರು. ಬೇಳೆ ಸರಿ. ಕುಕ್ಕರ್ ಸರಿ. ಬೆಂಕಿ ಸರಿ. ಇಷ್ಟನ್ನೂ ಕಳೆದರೆ ಅಡುಗೆಮನೆಯಲ್ಲಿ ಉಳಿಯುವುದು ಮರೆವ್ವ.

ಅವಳನ್ನು ಕರೆಸಿ, ಬಹಳ ಮೆದುವಾಗಿ, ದೋಷ ಕೈಯದು ಎಂದು ಕಾಣುತ್ತದೆ ಎಂದರು. ಉಪ್ಪು ಹುಳಿ ಮೊದಲೇ ಹಾಕುತ್ತೀರೇನೋ, ನೀರಿನ ಅಳತೆ ತಪ್ಪುತ್ತದೇನೋ, ವಯಸ್ಸಾಯಿತು, ಕಣ್ಣು ತೋರಿಸಿಕೊಂಡಿರಾ ಎಂದು ವಿಚಾರಿಸಿದರು. ಮರೆವ್ವನ ವಯಸ್ಸು ನಲವತ್ಮೂರು. ಅವಳು ಮತ್ತೆ ನೀರು ಎಂದಳು. ಅಂಬರೀಶ್ ಕಡತ ತೆರೆದು ಹಿಂದಿನ ದಿನವಷ್ಟೇ ಬಂದಿದ್ದ ಅಡುಗೆಮನೆ ನಲ್ಲಿಯ ನೀರಿನ ವರದಿ ತೋರಿಸಿದರು. ತಿಂಗಳಿಗೊಮ್ಮೆ ನಡೆಯುವ ಪರೀಕ್ಷೆ. ಕೆಳಗೆ ನೀಲಾಂಬಿಕಾ ಅವರ ಸಹಿ. ಕುಡಿಯಲು ಯೋಗ್ಯ, ಗಡಸುತನ ಅನುಮತಿಸಿದ ಮಿತಿಯೊಳಗೆ ಎಂದಿತ್ತು. ಬೇಯಿಸಲು ಯೋಗ್ಯವೇ ಎಂಬುದಕ್ಕೆ ಆ ನಮೂನೆಯಲ್ಲಿ ಸಾಲಿರಲಿಲ್ಲ.

"ಹನ್ನೊಂದು ವರ್ಷದಾಗ ಈ ಕೈ ಬದಲಾಗಿಲ್ರಿ," ಎಂದಳು ಮರೆವ್ವ. ಎರಡೂ ಕೈಗಳನ್ನು ಮೇಜಿನ ಮೇಲೆ, ವರದಿಗಳ ಪಕ್ಕದಲ್ಲಿ, ಇನ್ನೊಂದು ಮಾದರಿಯ ಹಾಗೆ ಇಟ್ಟಳು. ಅಂಬರೀಶ್ ಕನ್ನಡಕ ತೆಗೆದು ಒರೆಸಿಕೊಂಡರು. ನಾಳೆ ಮಧ್ಯಾಹ್ನದವರೆಗೆ ಸಮಯವಿದೆ ಎಂದರು.

ಅವಳು ಹೊರಗೆ ಬಂದು ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂತಳು. ಕೆಲಸ ಹೋಗುವುದಕ್ಕಿಂತ, ಬೇಳೆ ಬೇಯಿಸಲು ಬಾರದವಳು ಅನಿಸಿಕೊಂಡು ಹೋಗುವುದು ಅವಳನ್ನು ಚುಚ್ಚಿತ್ತು. ಊರಿನಲ್ಲಿ ಅತ್ತೆ ಇನ್ನೂ ಬದುಕಿದ್ದಾರೆ. ಈ ಸುದ್ದಿ ಕೊಟ್ಟೂರು ತಲುಪಲು ಕೊಟ್ರಪ್ಪನ ಒಂದು ಫೋನು ಸಾಕು. ಆವಲಪ್ಪ ಅವಳ ಮಾತನ್ನೆಲ್ಲ ಕೇಳಿ, ನೀರು ಎಲ್ಲಿಂದ ಬರುತ್ತದೆಂದು ನೋಡಿದೆಯಾ ಎಂದು ಕೇಳಿದರು. ಅವಳು ನೋಡಿರಲಿಲ್ಲ. ಇಬ್ಬರೂ ತಾರಸಿ ಹತ್ತಿದರು.

ತಾರಸಿಯ ಮೇಲೆ ನೀರು ಶುದ್ಧೀಕರಿಸುವ ಘಟಕದ ಟ್ಯಾಂಕಿದೆ. ಈಶಪ್ಪನವರ ಕಾಲದಿಂದಲೂ ಇಡೀ ಕಟ್ಟಡಕ್ಕೆ, ಅಡುಗೆಮನೆಗೂ ಸೇರಿ, ಅದೊಂದೇ ಟ್ಯಾಂಕಿನ ನೀರು. ಈಗ ಅದರಿಂದ ಮೂರು ಹೊಸ ಕೊಳವೆಗಳು ಇಳಿಯುತ್ತಿದ್ದವು. ಮೂರಕ್ಕೂ ಮೂರು ಬಣ್ಣದ ಪಟ್ಟಿ, ಮೂರು ವಿಭಾಗದ ಹೆಸರು. ಅಡುಗೆಮನೆಗೆ ಇಳಿಯುತ್ತಿದ್ದ ಹಳೆಯ ಕೊಳವೆಯ ಬಾಯಿಗೆ ಮುಚ್ಚಳ ಬಿಗಿದು, ಕೆಳಗಿನ ತುಂಡನ್ನು ಬೋರ್‌ವೆಲ್ ಟ್ಯಾಂಕಿಗೆ ಜೋಡಿಸಿದ್ದರು. ಹಿಂದಿನ ಭಾನುವಾರ, ಮರೆವ್ವನೂ ಆವಲಪ್ಪನವರೂ ಇಲ್ಲದ ದಿನ, ಪ್ಲಂಬರ್ ಬಂದು ಹೋಗಿದ್ದ. ಸೋಮವಾರ ಚಿತ್ರಾನ್ನ, ಹಾಗಾಗಿ ಬೇಳೆಗೆ ವಿಷಯ ತಿಳಿದದ್ದು ಮಂಗಳವಾರ.

ಆವಲಪ್ಪ ಆ ಮುಚ್ಚಳವನ್ನು ಬೆರಳಿನಿಂದ ತಟ್ಟಿದರು.

"ನಮ್ಮನೆ ಪಾಲಾದಾಗ ಒಲ, ದನ, ಕೊನೆಗೆ ಒರಳುಕಲ್ಲೂ ಪಾಲಾಯ್ತು ಕಣವ್ವ. ಬಾವಿ ಮಾತ್ರ ಪಾಲು ಮಾಡ್ಲಿಲ್ಲ. ಸರದಿ ಮೇಲೆ ಸೇದ್ಕೊಂತಿದ್ವಿ. ಇವರು ಓದ್ದೋರು ನೋಡು, ಬಾವೀನೇ ಪಾಲು ಮಾಡವ್ರೆ."

ಇದನ್ನು ಈಗಲೇ ಹೋಗಿ ಹೇಳೋಣ ಎಂದಳು ಮರೆವ್ವ. ಆವಲಪ್ಪ ಬೇಡ ಎಂದರು. ಹೇಳಿದರೆ ಅನಿಸಿಕೆಯಾಗುತ್ತದೆ. ದೊಡ್ಡ ಸಾರ್ ಈಶಪ್ಪನವರು ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದರೆ, ಒಂದನ್ನು ಮಾತ್ರ ಬದಲಿಸಿ ಮಿಕ್ಕಿದ್ದೆಲ್ಲ ಹಾಗೇ ಇಟ್ಟು, ಜನರೆದುರಿಗೆ ಮುಚ್ಚಳ ತೆಗೆಯುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಆವಲಪ್ಪ ಒಂದು ಚೊಂಬು ಹಿಡಿದು ಕೆಮಿಕಲ್ ವಿಭಾಗಕ್ಕೆ ಹೋದರು. ಶುದ್ಧ ನೀರಿನ ರಿಜಿಸ್ಟರಿನಲ್ಲಿ ಉದ್ದೇಶ ಬರೆಯಬೇಕೆಂದು ಅಲ್ಲಿನವರು ಹೇಳಿದರು. ಆವಲಪ್ಪ 'ಏನು ಕಂಡೀತೋ ನೋಡಲು' ಎಂದು ಬರೆದು, ದುಂಡಾಗಿ ಸಹಿ ಹಾಕಿ, ಚೊಂಬು ತುಂಬಿಕೊಂಡು ಬಂದರು. ಯಾರೂ ತಡೆಯಲಿಲ್ಲ. ಉದ್ದೇಶದ ಕಾಲಂ ತುಂಬಿದ್ದರೆ ಅಲ್ಲಿ ಯಾರೂ ಯಾವುದನ್ನೂ ಓದುವುದಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಮರೆವ್ವ ಕರೆದಳೆಂದು ಅಂಬರೀಶ್ ಮತ್ತು ಮೂರು ವಿಭಾಗದ ಮುಖ್ಯಸ್ಥರು ಅಡುಗೆಮನೆಗೆ ಬಂದರು. ಬಿಳಿ ಕೋಟು ಹಾಕಿಕೊಂಡು ಆ ಮೂವರು ಅಲ್ಲಿ ನಿಂತಿದ್ದು ಅದೇ ಮೊದಲು. ಎಲ್ಲಿ ಕೈ ಇಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡಿದ್ದರು. ಮರೆವ್ವ ಒಂದೇ ಅಳತೆಯ ಎರಡು ಸ್ಟೀಲ್ ಡಬರಿ ತೆಗೆದುಕೊಂಡಳು. ಒಂದೇ ಡಬ್ಬದಿಂದ ಎರಡಕ್ಕೂ ಒಂದೊಂದು ಪಾವು ಬೇಳೆ ಹಾಕಿದಳು. ಒಂದಕ್ಕೆ ನಲ್ಲಿಯಿಂದ ಮೂರು ಲೋಟ ನೀರು. ಇನ್ನೊಂದಕ್ಕೆ ಆವಲಪ್ಪನವರ ಚೊಂಬಿನಿಂದ ಮೂರು ಲೋಟ; ಆ ಡಬರಿಯ ಕಂಠಕ್ಕೆ ಗುರುತಿಗೆ ಒಂದು ದಾರ ಕಟ್ಟಿದಳು. ಎರಡನ್ನೂ ದೊಡ್ಡ ಕುಕ್ಕರಿನೊಳಗೆ ಅಕ್ಕಪಕ್ಕ ಇಟ್ಟು ಮುಚ್ಚಿದಳು.

"ಬ್ಯಾಳಿ ಒಂದಾ, ಕುಕ್ಕರ್ ಒಂದಾ, ಬೆಂಕಿ ಒಂದಾ. ಕೈ ಅಂತೂ ನಂದಾ ಐತಿ," ಎಂದಳು.

ಸೀಟಿಗಾಗಿ ಕಾಯುವ ಹೊತ್ತಿನಲ್ಲಿ ಅಂಬರೀಶ್ ಎರಡು ಸಲ ಗಡಿಯಾರ ನೋಡಿದರು. ಡಬ್ಬಿ ಕಂಪನಿಯ ಪತ್ರ ಅವರ ಅಂಗಿಯ ಜೇಬಿನಲ್ಲಿತ್ತು, ಅಂಚು ಹೊರಗೆ ಕಾಣುತ್ತಿತ್ತು. ನಾಲ್ಕನೆಯ ಸೀಟಿಯ ಹೊತ್ತಿಗೆ ನೀಲಾಂಬಿಕಾ, ದಾರ ಕಟ್ಟಿದ ಪಾತ್ರೆಗೆ ಬಿದ್ದದ್ದು ತಮ್ಮ ವಿಭಾಗದ ಶುದ್ಧ ನೀರು ಎಂದು ಹೊಳೆದು, ಮುಖ ಸಣ್ಣ ಮಾಡಿಕೊಂಡರು. ಅವರಿಗೆ ಆಗಲೇ ಎಲ್ಲ ಅರ್ಥವಾಗಿತ್ತು. ಐದನೆಯ ಸೀಟಿ ಆಗಿ, ಆವಿ ಇಳಿದು, ಮರೆವ್ವ ಮುಚ್ಚಳ ತೆಗೆದಳು.

ದಾರ ಕಟ್ಟಿದ ಡಬರಿಯಲ್ಲಿ ಬೇಳೆ ಕರಗಿ ಹಳದಿ ಗಂಜಿಯಾಗಿತ್ತು. ಪಕ್ಕದ್ದರಲ್ಲಿ ಒಂದೊಂದು ಬೇಳೆಯನ್ನೂ ಎಣಿಸಬಹುದಿತ್ತು.

ಮುನಿಕೃಷ್ಣ ಚಮಚ ತೆಗೆದುಕೊಂಡು ಎರಡರಿಂದಲೂ ಒಂದೊಂದು ಬಾಯಿಗೆ ಹಾಕಿಕೊಂಡ. ಅದು ಯಾವ ವಿಧಾನದಲ್ಲೂ ಇಲ್ಲದ ಪರೀಕ್ಷೆ. ವಿವರಿಸಿದವರು ನೀಲಾಂಬಿಕಾ. ನಲ್ಲಿ ನೀರಿನ ಗಡಸು ಬೇಳೆಯೊಳಗೆ ಸೇರಿಕೊಂಡು ಅದನ್ನು ಕರಗಲು ಬಿಡುವುದಿಲ್ಲ ಎಂದರು.

"ಮನೇಲಾಗಿದ್ರೆ ಮೊದ್ಲು ನೀರೇ ನೋಡ್ತಿದ್ದೆ ಕಣ್ರೀ. ನಮ್ಮಮ್ಮ ಕ್ಯಾನ್ ನೀರಲ್ಲಿ ಮಾತ್ರ ಬೇಳೆ ಇಡೋದು. ಇಲ್ಲಿ ಬಂದ್ರೆ ಬೇಳೆ ಮಾತ್ರ ಕೊಟ್ರು, ಬೇಳೆ ಮಾತ್ರ ನೋಡ್ದೆ."

ತಮ್ಮ ಮನೆಯಲ್ಲೂ ಹಾಗೇ ಎಂದ ಮುನಿಕೃಷ್ಣ. ವೇಣಿ, ತಾನು ಬೇಳೆ ನೆನೆಹಾಕಿದ್ದೂ ಶುದ್ಧ ನೀರಿನಲ್ಲೇ ಎಂದು ನೆನಪಿಸಿಕೊಂಡಳು. ಮೂವರಿಗೂ ಇದು ಗೊತ್ತಿತ್ತು. ಅಡುಗೆಮನೆಯ ಒಳಗೆ ನಿಂತರೆ ಗೊತ್ತಿರುತ್ತಿತ್ತು, ಕೋಟು ಹಾಕಿ ಮೇಜಿಗೆ ಹೋದರೆ ಗೊತ್ತಿರುತ್ತಿರಲಿಲ್ಲ.

ತಾರಸಿಯಲ್ಲಿ ಕಂಡದ್ದನ್ನು ಆವಲಪ್ಪ ಈಗ ಹೇಳಿದರು; ಕೊಳವೆ ಬದಲಿಸಲು ಹೇಳಿದವರು ಯಾರು ಎಂದು ಅಂಬರೀಶ್ ಕೇಳಿದರು. ಆವಲಪ್ಪ ಹೋಗಿ ಕಾಮಗಾರಿಯ ಆದೇಶ ತಂದುಕೊಟ್ಟರು. ಕೆಮಿಕಲ್ಲಿಗೆ ಬಂದ ಹೊಸ ಯಂತ್ರಕ್ಕೆ ಪ್ರತ್ಯೇಕ ನೀರು ಬೇಕಾಗಿತ್ತು. ಒಬ್ಬರಿಗೆ ಕೊಟ್ಟ ಮೇಲೆ ಉಳಿದಿಬ್ಬರೂ ಕೇಳಿದ್ದರು. ಮೂರು ವಿಭಾಗಕ್ಕೆ ಮೂರು ಕೊಳವೆ, 'ವಿಭಾಗಗಳಲ್ಲದ ಬಳಕೆಗಳನ್ನು ಬೋರ್‌ವೆಲ್‌ಗೆ ಜೋಡಿಸತಕ್ಕದ್ದು' ಎಂದಿತ್ತು. ಮೂವರೂ ತಂತಮ್ಮ ಸಾಲಿನ ಮುಂದೆ ಸಹಿ ಮಾಡಿದ್ದರು. ಎಲ್ಲಕ್ಕೂ ಕೆಳಗೆ ಅಂಬರೀಶ್ ಅವರ ಸಹಿ.

ಅಂಬರೀಶ್ ತಮ್ಮ ಸಹಿಯನ್ನು, ಬೇರೆ ಯಾರದೋ ಎಂಬಂತೆ, ಸ್ವಲ್ಪ ದೂರ ಹಿಡಿದು ನೋಡಿದರು. ಕಿವಿ ಕೆಂಪಾಗಿತ್ತು. ಜೇಬಿನ ಪತ್ರ ತೆಗೆದು ನಾಲ್ಕಾಗಿ ಮಡಚಿ ಒಲೆಯ ಪಕ್ಕದ ಕಸದ ಡಬ್ಬಕ್ಕೆ ಹಾಕಿದರು. ಮರೆವ್ವನ ಕಡೆ ತಿರುಗಿ, "ತಪ್ಪಾಯ್ತಮ್ಮ," ಎಂದರು. ಕ್ರಮಸಂಖ್ಯೆ ಇಲ್ಲದೆ ಅವರು ಆಡಿದ ಮೊದಲ ಮಾತು ಅದು.

"ಊಟಕ್ಕ ಕುಂದರ್ರಿ. ಹೊತ್ತಾತು," ಎಂದಳು ಮರೆವ್ವ.

ಆವಲಪ್ಪ ಕಪಾಟಿನಿಂದ ಈಶಪ್ಪನವರ ಹಳೆಯ ರಿಜಿಸ್ಟರು ತಂದು, ಕೊನೆಯ ಬರಹದ ಕೆಳಗೆ ಮರೆವ್ವ ಹೇಳಿದಂತೆ ಬರೆದರು. ಏನು ಮಾಡಿದೆ: ನೀರು ಬದಲಿಸಿದೆ. ಏನು ಕಂಡಿತು: ಬೇಳೆ ಬೆಂದಿತು.

ಅಡುಗೆಮನೆಗೆ ಹಳೆಯ ಟ್ಯಾಂಕಿನ ನೀರು ಮತ್ತೆ ಕೊಡುವುದಕ್ಕೆ ಒಂದು ತೊಡಕಿತ್ತು. ಆದೇಶದ ಪ್ರಕಾರ ಆ ನೀರು ವಿಭಾಗಗಳಿಗೆ ಮಾತ್ರ. ಆದೇಶ ಬದಲಿಸಬೇಕೆಂದರೆ ನಾಲ್ಕು ಸಹಿ, ಒಂದು ಸಭೆ, ಮುಂದಿನ ತ್ರೈಮಾಸಿಕ. ಎಲ್ಲರೂ ಊಟ ಮಾಡುತ್ತ ಯೋಚಿಸಿದರು. ಯಾವುದು ಸುಲಭ ಎಂದು ಕಂಡಿತೋ ಅದನ್ನೇ ಮಾಡಿದರು.

ಅಡುಗೆಮನೆ ಈಗ ಪರೀಕ್ಷಾಲಯದ ನಾಲ್ಕನೆಯ ವಿಭಾಗ, ಮರೆವ್ವ ಅದರ ಮುಖ್ಯಸ್ಥೆ. ಬೇಳೆ ಐದು ಸೀಟಿಗೆ ಬೇಯುತ್ತದೆ.